ಯಾರೂ ಮೀಟದ ಗಾಂಧಾರ

ಮೇಷ್ಟ್ರು: ನೋಡಮ್ಮ, ಒಂದು ವಿಷಯ ನನಗೆ ಇನ್ನೂ ಬಗೆಹರಿದಿಲ್ಲ. ಪಿಟೀಲಿಗೆ ಪಳಗಿದ ಕೈ ನಿನ್ನದು. ಈಗ ಕೇಳಿದರೆ ಆರ್ಕೆಸ್ಟ್ರಾದ ಮಧ್ಯೆ ಕೂತು ವಯೊಲಾ ನುಡಿಸುವುದೇ ಎಲ್ಲಕ್ಕಿಂತ ಇಷ್ಟ ಅನ್ನುತ್ತೀಯ. ನಮ್ಮ ಟಿ. ಚೌಡಯ್ಯನವರು ಏನು ಮಾಡಿದರು? ಮೈಕು ಇಲ್ಲದ ದಿನಗಳಲ್ಲಿ ತಮ್ಮ ನಾದ ಸಭೆಯ ಕೊನೆಯ ಸಾಲಿಗೂ ಮುಟ್ಟಬೇಕು ಅಂತ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿಕೊಂಡರು. ತನ್ನ ದನಿ ಕೇಳಿಸಬೇಕು ಅನ್ನುವುದು ವಾದಕನ ಮೊದಲ ಹಸಿವು. ಅದು ಅಹಂಕಾರವಲ್ಲ, ನಾದದ ಧರ್ಮವೇ ಹಾಗೆ. ನೀನು ಆರಿಸಿಕೊಂಡದ್ದೋ, ಎಂಬತ್ತು ಜನರ ನಡುವೆ ಯಾರಿಗೂ ಬೇರೆಯಾಗಿ ಕೇಳಿಸದ ವಾದ್ಯ. ಅದರಲ್ಲಿ ಸುಖ ಎಲ್ಲಿದೆ, ಹೇಳು.

ಶಿಷ್ಯೆ: ವಾದ್ಯದಿಂದಲೇ ಶುರು ಮಾಡುತ್ತೇನೆ ಮೇಷ್ಟ್ರೇ, ಏಕೆಂದರೆ ಉತ್ತರದ ಅರ್ಧ ಅದರ ಒಡಲಲ್ಲೇ ಇದೆ. ವಯೊಲಾ ನೋಡುವುದಕ್ಕೆ ದೊಡ್ಡ ಪಿಟೀಲು. ಅದರ ಶ್ರುತಿ ಪಿಟೀಲಿಗಿಂತ ಪಂಚಮದಿಂದ ಷಡ್ಜಕ್ಕೆ ಇಳಿದಷ್ಟು ಕೆಳಗೆ. ಕಂಪನದ ಲೆಕ್ಕದಲ್ಲಿ ಮೂರಕ್ಕೆ ಎರಡು. ಗಾತ್ರವೂ ಅದೇ ಲೆಕ್ಕದಲ್ಲಿ ಬೆಳೆಯಬೇಕಿದ್ದರೆ, ಪಿಟೀಲಿನ ಒಡಲು ಸುಮಾರು 35.5 ಸೆಂ.ಮೀ. ಇರುವಲ್ಲಿ ವಯೊಲಾದ್ದು 53 ಸೆಂ.ಮೀ. ಇರಬೇಕಿತ್ತು. ಅಷ್ಟುದ್ದದ್ದನ್ನು ಭುಜದ ಮೇಲಿಟ್ಟು ನುಡಿಸುವ ತೋಳು ಮನುಷ್ಯನಿಗಿಲ್ಲ. ಹಾಗಾಗಿ ಸಾಮಾನ್ಯವಾಗಿ 38ರಿಂದ 43 ಸೆಂ.ಮೀ.ಗೆ ನಿಲ್ಲಿಸಿದ್ದಾರೆ. ಅಂದರೆ ತನ್ನ ಶ್ರುತಿಗೆ ಸಾಲದ ಒಡಲು ಅದಕ್ಕೆ. ಕೆಳಗಿನ ತಂತಿಯ ಸ್ವರಗಳಿಗೆ ಮರವೂ ಒಳಗಿನ ಗಾಳಿಯೂ ಪೂರ್ತಿ ಒತ್ತಾಸೆ ಕೊಡುವುದಿಲ್ಲ. ಪಿಟೀಲಿನ ತಂತಿ ಕಮಾನು ತಾಗಿದ ಕ್ಷಣಕ್ಕೆ ಮಾತಾಡಿಬಿಡುತ್ತದೆ. ವಯೊಲಾದ ಕೆಳಗಿನ ದಪ್ಪ ತಂತಿ ಕಣ್ಣೆವೆಯಷ್ಟು ತಡಮಾಡಿ, ಮೊದಲು ಸ್ವಲ್ಪ ಗಾಳಿ, ಸ್ವಲ್ಪ ರಾಳದ ಗರಗರ, ಆಮೇಲೆ ಸ್ವರ ಅಂತ ಬರುತ್ತದೆ. ಕಮಾನನ್ನು ಬರೀ ಎಳೆದರೆ ಸಾಲದು, ಬಲಗೈಯ ಭಾರವನ್ನೆಲ್ಲ ಇಳಿಬಿಟ್ಟು ತಂತಿ ಒಪ್ಪುವವರೆಗೆ ಕಾಯಬೇಕು. ಒಪ್ಪಿದ ಮೇಲೆ ಆ ಸ್ವರ ಕಿವಿಗೆ ಮುಟ್ಟುವ ಮೊದಲೇ ಗದ್ದದ ಮೂಳೆಗೆ ಮುಟ್ಟುತ್ತದೆ. ಮುಸುಕು ಹೊದ್ದ ಹಾಗಿನ, ಒಳಮನೆಯಿಂದ ಬಂದ ಹಾಗಿನ ದನಿ. ಅದು ಯಾರಿಗೂ ಕೇಳಿಸುವುದಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಬೀಥೊವೆನ್ನನ ಐದನೇ ಸಿಂಫನಿಯ ಎರಡನೇ ಭಾಗ ತೆರೆದುಕೊಳ್ಳುವುದೇ ವಯೊಲಾ ಮತ್ತು ಚೆಲ್ಲೊ ಒಟ್ಟಾಗಿ ಹಾಡುವುದರಿಂದ. ಆದರೆ ಅಲ್ಲೂ ಕೇಳುಗರು ಇದು ವಯೊಲಾ, ಇದು ಚೆಲ್ಲೊ ಅಂತ ಬಿಡಿಸಿಕೊಳ್ಳುವುದು ಕಷ್ಟ. ಎರಡೂ ಸೇರಿ ಮೂರನೆಯ ಒಂದು ವಾದ್ಯದ ಬಣ್ಣ ಹುಟ್ಟುತ್ತದೆ.

ಮೇಷ್ಟ್ರು: ಕುಂದನ್ನೇ ಗುಣ ಅಂತ ಹೊಗಳುತ್ತಿದ್ದೀಯಲ್ಲ! ಒಡಲು ಸಾಲದಿದ್ದರೆ ದೊಡ್ಡದು ಮಾಡಬೇಕು, ಅದು ವಾದ್ಯ ಮಾಡುವವನ ಕೆಲಸ. ಪಶ್ಚಿಮದವರೇ ಅದನ್ನು ಕೀಳಾಗಿ ಕಂಡರಲ್ಲ. ಕ್ವಾಂಟ್ಸ್ ಎಂಬ ಕೊಳಲುಗಾರ 1752ರಲ್ಲಿ ಬರೆದ ಲಕ್ಷಣಗ್ರಂಥದಲ್ಲೇ, ವಯೊಲಾವನ್ನು ಹೊಸಬರ ಕೈಗೋ ಹೆಚ್ಚಿನ ಪ್ರತಿಭೆಯಿಲ್ಲದವರ ಕೈಗೋ ಕೊಡುವ ರೂಢಿ ಇದೆ ಅಂತ ಹೇಳಿದ್ದಾನೆ.

ಶಿಷ್ಯೆ: ರೂಢಿ ಹಾಗಿದೆ ಅಂತ ಹೇಳಿದ್ದು, ಅದು ಸರಿಯಲ್ಲ ಅನ್ನುವುದಕ್ಕೇ ಮೇಷ್ಟ್ರೇ. ಮಧ್ಯದ ದನಿ ಕೆಟ್ಟರೆ ಇಡೀ ಮೇಳ ಕೆಡುತ್ತದೆ ಅನ್ನುವುದು ಅವನ ದೂರು. ದೊಡ್ಡದು ಮಾಡಿ ನೋಡಿದವರೂ ಇದ್ದಾರೆ. ಹರ್ಮನ್ ರಿಟ್ಟರ್ ಎಂಬ ಜರ್ಮನ್ ವಾದಕ 48 ಸೆಂ.ಮೀ. ಉದ್ದದ ವಯೊಲಾ ಮಾಡಿಸಿಕೊಂಡ. ವಾಗ್ನರ್ ಅದನ್ನು ಮೆಚ್ಚಿ ಬೈರಾಯ್ಟ್‌ಗೆ ಕರೆಸಿಕೊಂಡ. ಇಪ್ಪತ್ತನೇ ಶತಮಾನದಲ್ಲಿ ಅಮೆರಿಕದ ಕಾರ್ಲೀನ್ ಹಚಿನ್ಸ್ ಶಬ್ದಶಾಸ್ತ್ರದ ಲೆಕ್ಕ ಹಾಕಿ, ಚೆಲ್ಲೊದ ಹಾಗೆ ನಿಲ್ಲಿಸಿ ನುಡಿಸುವ ದೊಡ್ಡ ವಯೊಲಾ ಕಟ್ಟಿದರು. ನಾದ ತುಂಬಿ ಬಂತು, ಸಂಶಯವಿಲ್ಲ. ಆದರೂ ಆರ್ಕೆಸ್ಟ್ರಾಗಳು ಹಳೆಯದನ್ನೇ ಉಳಿಸಿಕೊಂಡವು. ತೋಳಿನ ನೋವು ಅದಕ್ಕೆ ಒಂದು ಕಾರಣ, ಇರಲಿ. ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು: ಪಿಟೀಲಿಗೂ ಚೆಲ್ಲೊಗೂ ನಡುವೆ ಮೂರನೆಯ ಗಟ್ಟಿ ದನಿಯೊಂದು ಬಂದು ನಿಂತರೆ ಮೂರೂ ಪೈಪೋಟಿಗೆ ಬೀಳುತ್ತವೆ. ಮುಸುಕಿನ ದನಿಯಾದ್ದರಿಂದಲೇ ಅದು ಎರಡನ್ನೂ ಬೆಸೆಯುತ್ತದೆ. ಇನ್ನು ಪ್ರತಿಭೆಯಿಲ್ಲದವರ ವಾದ್ಯ ಅನ್ನುವ ಮಾತಿಗೆ ಬಂದರೆ, ಬಾಖ್ ಮೇಳದಲ್ಲಿ ಕೂರುವಾಗ ವಯೊಲಾ ಹಿಡಿಯಲು ಇಷ್ಟಪಡುತ್ತಿದ್ದ ಅಂತ ಅವನ ಮಗನೇ ದಾಖಲಿಸಿದ್ದಾನೆ. ಮೊಟ್ಸಾರ್ಟ್ ಪಿಟೀಲಿನಲ್ಲಿ ಪಳಗಿದವನಾದರೂ ಗೆಳೆಯರ ಜೊತೆ ಕ್ವಾರ್ಟೆಟ್‌ಗೆ ಕೂತಾಗ ವಯೊಲಾ ಎತ್ತಿಕೊಳ್ಳುತ್ತಿದ್ದ. 1784ರ ವಿಯೆನ್ನಾದಲ್ಲಿ ಹಾಗೆ ಒಂದು ಸಂಜೆ ಹೈಡನ್ ಮೊದಲ ಪಿಟೀಲು, ಮೊಟ್ಸಾರ್ಟ್ ವಯೊಲಾ. ದ್ವೊರ್ಜಾಕ್ ಅಂತೂ 1862ರಿಂದ 1871ರವರೆಗೆ ಪ್ರಾಗ್‌ನ ಪ್ರೊವಿಜನಲ್ ಥಿಯೇಟರಿನ ಆರ್ಕೆಸ್ಟ್ರಾದಲ್ಲಿ ಸಂಬಳದ ವಯೊಲಾ ವಾದಕ. ಇವರಿಗೆಲ್ಲ ಬೇರೆ ವಾದ್ಯ ಸಿಗಲಿಲ್ಲವೆಂದಲ್ಲ. ಆ ಕುರ್ಚಿಯಲ್ಲಿ ಕೂತರೆ ಏನೋ ಕೇಳಿಸುತ್ತದೆ, ಬೇರೆ ಕುರ್ಚಿಯಲ್ಲಿ ಕೇಳಿಸದ್ದು.

ಮೇಷ್ಟ್ರು: ಅದೇನು, ಅದನ್ನು ಹೇಳು. ದೊಡ್ಡವರ ಹೆಸರು ಹೇಳಿದರೆ ನನಗೆ ತೃಪ್ತಿಯಾಗುವುದಿಲ್ಲ. ಅವರು ರಚನೆಕಾರರು, ಮಧ್ಯೆ ಕೂತು ಮೇಳದ ಒಳಗುಟ್ಟು ಕಲಿತರು, ಅದು ಅವರಿಗೆ ಪಾಠ. ಬರೀ ನುಡಿಸುವವರಿಗೆ ಅಲ್ಲಿ ಏನು ಸಿಗುತ್ತದೆ?

ಶಿಷ್ಯೆ: ನಮ್ಮ ಮಾತಿನಲ್ಲೇ ಹೇಳುತ್ತೇನೆ. ಷಡ್ಜ, ಪಂಚಮ ಎರಡು ಒಟ್ಟಿಗೆ ನಿಂತಿವೆ ಅನ್ನಿ. ಚೆಲ್ಲೊ ಕೆಳಗೆ ಸ ಹಿಡಿದಿದೆ, ಪಿಟೀಲು ಮೇಲೆ ಪ ಹಿಡಿದಿದೆ. ಅದು ಸಂತೋಷವೂ ಅಲ್ಲ ದುಃಖವೂ ಅಲ್ಲ, ಬರೀ ಖಾಲಿ ಅಂಗಳ. ಈಗ ನಡುವೆ ಗಾಂಧಾರ ಬರಬೇಕು. ಅಂತರ ಗಾಂಧಾರ ಬಂದರೆ ಅವರು ಮೇಜರ್ ಅನ್ನುತ್ತಾರೆ, ಸಾಧಾರಣ ಗಾಂಧಾರ ಬಂದರೆ ಮೈನರ್. ಎಷ್ಟೋ ಕಡೆ ಆ ಗಾಂಧಾರವನ್ನು ಹಿಡಿಯುವುದು ವಯೊಲಾ. ಮೇಲಿನ ರಾಗಕ್ಕೆ ಏನು ಅರ್ಥ ಅನ್ನುವುದು ಅರ್ಧಸ್ವರದಷ್ಟು ಸರಿಯುವ ಒಂದು ಬೆರಳಿನ ಮೇಲೆ ನಿಂತಿರುತ್ತದೆ. ಆ ಬೆರಳನ್ನು ಎಲ್ಲಿ ಇಡಬೇಕು ಅನ್ನುವುದೂ ಕಾಗದದ ಮೇಲಿಲ್ಲ. ಪಿಯಾನೋದಲ್ಲಿ ಸಿಗುವ ಅಂತರ ಗಾಂಧಾರ, ಷಡ್ಜದ ಜೊತೆ ಶುದ್ಧವಾಗಿ ಬೆರೆಯುವ ಗಾಂಧಾರಕ್ಕಿಂತ ಅರ್ಧಸ್ವರದ ಏಳನೇ ಒಂದು ಪಾಲಿನಷ್ಟು ಮೇಲಿದೆ. ದೀರ್ಘವಾಗಿ ನಿಂತ ಮೇಳಸ್ವರದಲ್ಲಿ ಗಾಂಧಾರ ಹಿಡಿದವರು ಅದನ್ನು ಆ ಕೂದಲೆಳೆಯಷ್ಟು ಇಳಿಸಬೇಕು. ಇಳಿಸಿದ ಕ್ಷಣ ಸ್ವರಗಳ ನಡುವಿನ ತೊನೆದಾಟ ನಿಂತು, ಇಡೀ ಮೇಳ ಹೊಳೆಯ ನೀರು ತಿಳಿಯಾದ ಹಾಗೆ ತಿಳಿಯಾಗುತ್ತದೆ. ಸಭೆಯಲ್ಲಿ ಕೂತವರಿಗೆ ಪಿಟೀಲುಗಳು ಇದ್ದಕ್ಕಿದ್ದಂತೆ ಇನ್ನೂ ಇಂಪಾದವು ಅನ್ನಿಸುತ್ತದೆ. ಪಿಟೀಲಿನವರು ಏನೂ ಬದಲಾಯಿಸಿಲ್ಲ. ಬದಲಾದದ್ದು ನಡುವಿನ ಬೆರಳು. ನನ್ನ ವಾದವೇ ಇದು ಮೇಷ್ಟ್ರೇ. ಆರ್ಕೆಸ್ಟ್ರಾದಲ್ಲಿ ನುಡಿಸುವ ಸುಖ ತನ್ನ ದನಿ ಕೇಳಿಸುವುದರಲ್ಲಿಲ್ಲ. ತನ್ನ ದನಿಯಿಂದ ಇನ್ನೊಬ್ಬರ ದನಿ ಬದಲಾಗುವುದನ್ನು ಒಳಗಿನಿಂದ ಕೇಳುವುದರಲ್ಲಿದೆ. ವಯೊಲಾದಲ್ಲಿ ಅದು ಬೇಗ ಗೊತ್ತಾಗುತ್ತದೆ, ಏಕೆಂದರೆ ಅಲ್ಲಿ ಬೇರೆ ಸುಖದ ಆಮಿಷ ಕಡಿಮೆ.

ಮೇಷ್ಟ್ರು: ಚೆನ್ನಾಗಿ ಹೇಳಿದೆ. ಆದರೆ ಆ ಗಾಂಧಾರವನ್ನು ನೀನೊಬ್ಬಳೇ ಹಿಡಿದಿಲ್ಲವಲ್ಲ. ಹತ್ತು ಹನ್ನೆರಡು ವಯೊಲಾ ಸಾಲಾಗಿ ಕೂತು ಅದೇ ಗಾಂಧಾರ ಹಿಡಿದಿರುತ್ತವೆ. ಒಬ್ಬರು ಆ ದಿನ ಬರದಿದ್ದರೆ ಯಾರಿಗೆ ಗೊತ್ತಾಗುತ್ತದೆ? ನಮ್ಮ ಕಛೇರಿಯಲ್ಲಿ ಮೃದಂಗದವರು ಬರದಿದ್ದರೆ ಕಛೇರಿಯೇ ನಿಲ್ಲುತ್ತದೆ. ಬೇರೊಬ್ಬರನ್ನು ಕೂರಿಸಿದರೂ ವ್ಯತ್ಯಾಸ ಕಾಣದ ಜಾಗಕ್ಕೆ ಕಲಾವಿದ ಯಾಕೆ ಬೇಕು?

ಶಿಷ್ಯೆ: ಹನ್ನೆರಡು ಜನ ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ದನಿ ಜೋರಾಗಲಿ ಅಂತ ಅಂದುಕೊಳ್ಳುತ್ತೇವೆ. ಆದರೆ ಹನ್ನೆರಡು ವಾದ್ಯ ಸೇರಿದರೆ ಒಂದು ವಾದ್ಯಕ್ಕಿಂತ ಹೆಚ್ಚುವುದು ಸುಮಾರು 11 ಡೆಸಿಬೆಲ್ ಮಾತ್ರ. ಕಿವಿಗೆ ಅದು ಹೆಚ್ಚುಕಡಿಮೆ ಎರಡರಷ್ಟು ಜೋರು ಅನ್ನಿಸುತ್ತದೆ, ಹನ್ನೆರಡರಷ್ಟಲ್ಲ. ಅಷ್ಟಕ್ಕಾಗಿ ಹನ್ನೊಂದು ಜನರಿಗೆ ಸಂಬಳ ಕೊಡಬೇಕಾಗಿಲ್ಲ. ಬದಲಾಗುವುದು ದನಿಯ ಜಾತಿ. ಹನ್ನೆರಡು ಬೆರಳು ಒಂದೇ ಸ್ವರಕ್ಕೆ ಹೋದರೂ ಕೂದಲೆಳೆಯ ಅಂತರ ಉಳಿಯುತ್ತದೆ, ಹನ್ನೆರಡು ಕಮಾನುಗಳ ಒತ್ತಡ ಒಂದೇ ಇರುವುದಿಲ್ಲ. ಆ ಸಣ್ಣ ಅಂತರಗಳು ಸೇರಿ ನಾದಕ್ಕೆ ಒಂದು ಮಿನುಗು, ಒಂದು ಅಗಲ ಬರುತ್ತದೆ. ಒಬ್ಬ ಮಹಾ ವಾದಕನೂ ಒಂದು ವಾದ್ಯದಲ್ಲಿ ಅದನ್ನು ಹುಟ್ಟಿಸಲಾರ. ಅಂತರ ಹೆಚ್ಚಾದರೆ ಅದು ಅಪಶ್ರುತಿ. ಅಂತರದ ಅಳತೆಯನ್ನು ಹನ್ನೆರಡು ಜನ ತಮ್ಮತಮ್ಮಲ್ಲೇ ಕೇಳಿಸಿಕೊಂಡು ಕಾಯಬೇಕು. ಅದಕ್ಕೆಂದು ಪಕ್ಕದವರ ಕಮಾನು ಯಾವ ಭಾಗದಲ್ಲಿದೆ, ತುದಿಯಲ್ಲೋ ಬುಡದಲ್ಲೋ ಅಂತ ಕಣ್ಣಂಚಿನಲ್ಲಿ ನೋಡುತ್ತಲೇ ಇರುತ್ತಾರೆ. ಒಂದು ಸ್ಟ್ಯಾಂಡಿಗೆ ಇಬ್ಬರು ಕೂರುತ್ತಾರೆ. ಹಾಳೆ ತಿರುಗಿಸುವಾಗ ಒಳಗಡೆ ಕೂತವರು ನುಡಿಸುವುದನ್ನು ಬಿಟ್ಟು ತಿರುಗಿಸುತ್ತಾರೆ, ಹೊರಗಡೆಯವರು ಆ ಎರಡು ಕ್ಷಣ ಇಬ್ಬರ ಪರವಾಗಿಯೂ ನುಡಿಸುತ್ತಾರೆ. ಒಬ್ಬರು ಬರದಿದ್ದರೆ ಸಭೆಗೆ ಗೊತ್ತಾಗದೆ ಇರಬಹುದು. ಆ ಸ್ಟ್ಯಾಂಡಿಗೆ ಗೊತ್ತಾಗುತ್ತದೆ.

ಇದಕ್ಕಿಂತ ದೊಡ್ಡ ಸಾಕ್ಷಿ ಚೈಕೊವ್‌ಸ್ಕಿಯ ಆರನೇ ಸಿಂಫನಿಯಲ್ಲಿದೆ. 1893ರ ಕೃತಿ, ಅವನ ಕೊನೆಯದು. ಅದರ ಕೊನೆಯ ಭಾಗ ಶುರುವಾಗುವುದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಒಂದು ಸಂಚಾರದಿಂದ. ಒಮ್ಮೆ ಕೇಳಿದವರು ಮರೆಯಲಾರರು. ಆದರೆ ಸ್ವರಲಿಪಿ ಬಿಡಿಸಿ ನೋಡಿದರೆ ಆ ಸಂಚಾರವನ್ನು ಯಾರೂ ನುಡಿಸುತ್ತಿಲ್ಲ. ಮೊದಲ ಪಿಟೀಲಿನ ಸಾಲಿಗೆ ಒಂದು ಸ್ವರ, ಮುಂದಿನದು ಎರಡನೇ ಪಿಟೀಲಿಗೆ, ಮತ್ತೆ ಮೊದಲನೆಯದಕ್ಕೆ, ಹೀಗೆ ಸ್ವರ ಬಿಟ್ಟು ಸ್ವರ ಹಂಚಿದ್ದಾನೆ. ಯಾವ ಸಾಲನ್ನು ಒಂಟಿಯಾಗಿ ನುಡಿಸಿ ಕೇಳಿದರೂ ತಲೆಬುಡವಿಲ್ಲದ ಕುಪ್ಪಳಿಕೆ. ಎರಡೂ ಸೇರಿ ಗಾಳಿಯಲ್ಲಿ ಹೆಣೆದುಕೊಂಡಾಗ ಆ ಗೋಳು ಹುಟ್ಟುತ್ತದೆ. ಅವನ ಕಾಲದಲ್ಲಿ ಎರಡು ಪಿಟೀಲಿನ ಸಾಲುಗಳೂ ವೇದಿಕೆಯ ಎಡಕ್ಕೊಂದು ಬಲಕ್ಕೊಂದು ಕೂರುವುದು ವಾಡಿಕೆ. ಅಂದರೆ ಆ ದುಃಖ ಒಂದು ಬದಿಯಿಂದ ಇನ್ನೊಂದು ಬದಿಗೆ ತೂಗಾಡಿ ಬರುತ್ತಿತ್ತು. ಮುಂದೆ ಅದೇ ಸಂಚಾರ ಮರಳಿ ಬರುವಾಗ ಮೊದಲ ಪಿಟೀಲಿಗೇ ಪೂರ್ತಿ ಕೊಟ್ಟಿದ್ದಾನೆ. ಹಾಗಾಗಿ ಮೊದಲು ಹಂಚಿದ್ದು ಅನುಕೂಲಕ್ಕಲ್ಲ, ಬೇಕೆಂದೇ. ಈಗ ಹೇಳಿ, ಇಲ್ಲಿ ಆ ರಾಗ ಯಾರದು? ಎರಡನೇ ಪಿಟೀಲಿನ ಕೊನೆಯ ಸಾಲಿನವರಿಗೂ ಅದರಲ್ಲಿ ಮುಂದಿನವರಷ್ಟೇ ಪಾಲಿದೆ.

ಮೇಷ್ಟ್ರು: ಇದು ನನಗೆ ಗೊತ್ತಿರಲಿಲ್ಲ. ಸ್ವರ ಹಂಚಿಕೊಂಡು ಒಂದು ಸಂಚಾರ ಕಟ್ಟುವುದು... ಇರಲಿ. ಆದರೆ ನುಡಿಸುವವರ ಸಂಗತಿಯಾಯಿತು, ನುಡಿಸದೆ ಕೂತವರ ಸಂಗತಿ? ಸಿಂಫನಿಯಲ್ಲಿ ಎಷ್ಟೋ ಜನ ಮುಕ್ಕಾಲು ಹೊತ್ತು ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ. ಆ ಕಾಯುವುದನ್ನೂ ನುಡಿಸುವುದು ಅನ್ನುತ್ತೀಯಾ?

ಶಿಷ್ಯೆ: ಅನ್ನುತ್ತೇನೆ. ಈ ಪ್ರಶ್ನೆಯನ್ನು ನಿಮಗಿಂತ ಮೊದಲು ಕೇಳಿದವನು ಪಗನಿನಿ. ಅವನಿಗೆ ಒಂದು ಉತ್ತಮ ಸ್ಟ್ರಾಡಿವರಿ ವಯೊಲಾ ಸಿಕ್ಕಿತು. ಅದಕ್ಕೊಂದು ಕೃತಿ ಬರೆದುಕೊಡು ಅಂತ ಬರ್ಲಿಯೋಜ್‌ನನ್ನು ಕೇಳಿದ. ಬರೆದದ್ದರಲ್ಲಿ ವಯೊಲಾಕ್ಕೆ ಮೌನ ಜಾಸ್ತಿ ಇತ್ತು. ತನಗೆ ಎಡೆಬಿಡದೆ ನುಡಿಸುವುದು ಬೇಕು ಅಂತ ಪಗನಿನಿ ಕೈಬಿಟ್ಟ. ಬರ್ಲಿಯೋಜ್ 1834ರಲ್ಲಿ ತನ್ನ ಮನಸ್ಸಿನಂತೆ ಅದನ್ನು ಮುಗಿಸಿದ. ಅದೇ ‘ಹೆರಾಲ್ಡ್ ಇನ್ ಇಟಲಿ’. ಅಲ್ಲಿ ವಯೊಲಾ ಒಬ್ಬ ಅಲೆಮಾರಿ. ಸುತ್ತ ಯಾತ್ರಿಕರು ಹಾಡುತ್ತ ಹಾದುಹೋಗುತ್ತಾರೆ, ಅದು ನಿಂತು ನೋಡುತ್ತದೆ. 1838ರಲ್ಲಿ ಪಗನಿನಿ ಆ ಕೃತಿಯನ್ನು ಮೊದಲ ಸಲ ಕೇಳಿ, ಎಲ್ಲರ ಎದುರಿಗೆ ಬರ್ಲಿಯೋಜ್‌ಗೆ ಮಂಡಿಯೂರಿ, ಆಮೇಲೆ 20,000 ಫ್ರಾಂಕ್ ಕಳಿಸಿಕೊಟ್ಟ. ಕಾಗದದ ಮೇಲೆ ಕೊರತೆಯಾಗಿ ಕಂಡ ಮೌನ ಸಭೆಯಲ್ಲಿ ಏನು ಮಾಡುತ್ತದೆ ಅನ್ನುವುದು ಅವನಿಗೆ ಅಲ್ಲಿ ಕೇಳಿಸಿರಬೇಕು ಅಂತ ನನ್ನ ನಂಬಿಕೆ. ದ್ವೊರ್ಜಾಕ್‌ನ ಒಂಬತ್ತನೇ ಸಿಂಫನಿ ನೋಡಿ. ಮುಕ್ಕಾಲು ಗಂಟೆಯ ಸುಮಾರಿನ ಕೃತಿಯಲ್ಲಿ ಜೋಡಿ ಕಂಚಿನ ತಾಳಕ್ಕೆ ಇರುವುದು ಒಂದೇ ಒಂದು ಏಟು, ಕೊನೆಯ ಭಾಗದಲ್ಲಿ. ಅದೂ ಅಬ್ಬರದ್ದಲ್ಲ, ಹದವಾದದ್ದು. ಸುಮ್ಮನಿದ್ದ ಕೈಗಳು ಅಷ್ಟು ಹೊತ್ತಿನ ಮೇಲೆ ಎದ್ದು, ಮುಂದಿನ ಎಲ್ಲರ ನಾದ ಆ ಕ್ಷಣ ಎಷ್ಟು ದಟ್ಟವಾಗಿದೆ ಅಂತ ಅಳೆದು, ಅದರೊಳಗೆ ಕರಗುವಷ್ಟೇ ತಾಗಿಸಬೇಕು. ಮೊದಲಿನಿಂದ ಕೇಳುತ್ತ ಬರದವರಿಗೆ ಆ ಅಳತೆ ಸಿಗುವುದಿಲ್ಲ.

ಕೇಳುವುದೂ ಅಲ್ಲಿ ಸುಲಭವಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ವೇದಿಕೆಯ ಒಂದು ತುದಿಯಿಂದ ಇನ್ನೊಂದಕ್ಕೆ 17 ಮೀಟರ್ ಇದ್ದರೆ ಒಂದು ಸ್ವರ ಅಲ್ಲಿಗೆ ಮುಟ್ಟುವಾಗ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ತಡ. ಕೇಳಿಸಿದ ಮೇಲೆ ಸೇರಿಕೊಂಡರೆ ಇನ್ನಷ್ಟು ತಡವಾಗಿ, ಮೇಳ ಕಲಸಿಹೋಗುತ್ತದೆ. ಹಾಗಾಗಿ ಹಿಂದೆ ಕೂತವರು ಕಿವಿಗೆ ಬಿದ್ದದ್ದನ್ನು ಪೂರ್ತಿ ನಂಬದೆ, ಕಂಡಕ್ಟರ್ ಕೈಯನ್ನೂ ಮುಂದಿನವರ ಕಮಾನನ್ನೂ ನೋಡುತ್ತ, ಇನ್ನೂ ಕೇಳಿಸದ ಸ್ವರವನ್ನು ಊಹಿಸಿ ನುಡಿಸಬೇಕು.

ಮೇಷ್ಟ್ರು: ಹಾಗಾದರೆ ನನ್ನ ದೊಡ್ಡ ಆಕ್ಷೇಪವನ್ನೇ ಈಗ ಇಡುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಪಕ್ಕವಾದ್ಯ ನಮ್ಮಲ್ಲೂ ಇದೆ. ಪಿಟೀಲು ನಮ್ಮ ಸಂಗೀತಕ್ಕೆ ಬಂದು ನೆಲೆ ಕಂಡದ್ದೇ ಹಾಡುಗಾರರ ಬೆನ್ನ ಹಿಂದೆ ನಡೆದು. ನೆರಳಿನಂತೆ ಹಿಂಬಾಲಿಸುವುದರಲ್ಲಿ ಸುಖವಿದೆ ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ರಾಗಾಲಾಪನೆಗೆ ಉತ್ತರ ಕೊಡುವಾಗ, ಸ್ವರಪ್ರಸ್ತಾರಕ್ಕೆ ಎದುರು ಸ್ವರ ಹಾಕುವಾಗ, ಆ ಪಕ್ಕವಾದ್ಯದವರಿಗೆ ತಮ್ಮದೇ ಮನೋಧರ್ಮವಿದೆ. ನಿನಗೆ ಏನಿದೆ? ಸ್ವರ ಇನ್ನೊಬ್ಬನು ಬರೆದದ್ದು. ಎಷ್ಟು ಮೆಲ್ಲಗೆ, ಎಷ್ಟು ಜೋರಾಗಿ ಅನ್ನುವುದೂ ಬರೆದಿದೆ. ಉಳಿದದ್ದನ್ನು ಕೋಲು ಹಿಡಿದವನು ಹೇಳುತ್ತಾನೆ. ಕಮಾನು ಮೇಲಕ್ಕೋ ಕೆಳಕ್ಕೋ ಅನ್ನುವುದನ್ನೂ ಮುಂದಿನ ಸ್ಟ್ಯಾಂಡಿನವರು ಪೆನ್ಸಿಲಿನಲ್ಲಿ ಗುರುತು ಮಾಡಿ ಕೊಡುತ್ತಾರೆ. ಇದು ನುರಿತ ಕೂಲಿ. ಕೂಲಿಗೆ ಮರ್ಯಾದೆ ಕಡಿಮೆ ಅಂತ ನಾನು ಹೇಳುತ್ತಿಲ್ಲ, ಆದರೆ ಅದನ್ನು ಕಲೆಯ ಸುಖ ಅನ್ನಬೇಡ.

ಶಿಷ್ಯೆ: ಇದು ಗಟ್ಟಿ ಆಕ್ಷೇಪ. ಇದಕ್ಕೆ ಸಾಕ್ಷಿಯನ್ನು ನಾನೇ ಕೊಡುತ್ತೇನೆ. ಹಾರ್ವರ್ಡ್‌ನ ರಿಚರ್ಡ್ ಹ್ಯಾಕ್‌ಮನ್ ಮತ್ತು ಜೊತೆಗಾರರು 1990ರ ದಶಕದಲ್ಲಿ ಆರ್ಕೆಸ್ಟ್ರಾ ವಾದಕರ ವೃತ್ತಿತೃಪ್ತಿಯನ್ನು ಬೇರೆ ಕೆಲಸಗಳವರ ತೃಪ್ತಿಯ ಜೊತೆ ಇಟ್ಟು ನೋಡಿದರು. ಹದಿಮೂರು ಗುಂಪುಗಳಲ್ಲಿ ಅವರ ಸ್ಥಾನ ಏಳನೆಯದು, ಸೆರೆಮನೆಯ ಕಾವಲುಗಾರರಿಗಿಂತ ಸ್ವಲ್ಪ ಕೆಳಗೆ. ನಾಲ್ಕೇ ಜನರ ಕ್ವಾರ್ಟೆಟ್‌ಗಳು ಬಹಳ ಮೇಲಿದ್ದವು. ನಿಮ್ಮ ಮಾತಿಗೆ ಇದಕ್ಕಿಂತ ಒಳ್ಳೆಯ ಬೆಂಬಲ ಬೇಡ. ಆದರೆ ಅದೇ ಅಧ್ಯಯನದಲ್ಲಿ, ಕೆಲಸವನ್ನು ಚೆನ್ನಾಗಿ ಮಾಡಬೇಕೆಂಬ ಒಳಗಿನ ತುಡಿತದಲ್ಲಿ ಆರ್ಕೆಸ್ಟ್ರಾದವರು ಎಲ್ಲರಿಗಿಂತ ಮುಂದಿನವರ ಸಾಲಿನಲ್ಲಿದ್ದರು. ಎರಡನ್ನೂ ಒಟ್ಟಿಗೆ ಓದಿದರೆ ನನಗೆ ಅನ್ನಿಸುವುದು ಹೀಗೆ: ಬೇಸರ ನುಡಿಸುವುದರಲ್ಲಿಲ್ಲ, ನುಡಿಸುವವರನ್ನು ನಡೆಸಿಕೊಳ್ಳುವ ರೀತಿಯಲ್ಲಿದೆ. ಏನು ನುಡಿಸಬೇಕು, ಹೇಗೆ ನುಡಿಸಬೇಕು ಅನ್ನುವಲ್ಲಿ ಅವರ ಮಾತು ನಡೆಯುವುದಿಲ್ಲ. ಅದನ್ನು ನಾನು ಸಮರ್ಥಿಸುವುದಿಲ್ಲ. ಹಾಗೇ ಇರಬೇಕೆಂಬ ನಿಯಮವೂ ಇಲ್ಲ. 1922ರಲ್ಲಿ ಮಾಸ್ಕೋದಲ್ಲಿ ಪರ್ಸಿಮ್‌ಫಾನ್ಸ್ ಎಂಬ ದೊಡ್ಡ ಆರ್ಕೆಸ್ಟ್ರಾ ಕಂಡಕ್ಟರ್ ಇಲ್ಲದೆ ಶುರುವಾಗಿ ಹತ್ತು ವರ್ಷ ನಡೆಯಿತು. ನ್ಯೂಯಾರ್ಕಿನಲ್ಲಿ 1972ರಲ್ಲಿ ಹುಟ್ಟಿದ ಆರ್ಫಿಯಸ್ ಚೇಂಬರ್ ಆರ್ಕೆಸ್ಟ್ರಾ ಕಂಡಕ್ಟರ್ ಇಲ್ಲದೆಯೇ ಹೆಸರು ಮಾಡಿದೆ. ಅಲ್ಲಿ ಯಾವ ಕೃತಿಗೆ ಯಾರು ಮುಂದಾಳು ಅನ್ನುವುದು ಬದಲಾಗುತ್ತದೆ, ಹಿಂದಿನ ಕುರ್ಚಿಯವರೂ ಅಭಿಪ್ರಾಯ ಹೇಳುತ್ತಾರೆ. ಕೋಲು ತೆಗೆದಾಗ ಉಳಿದದ್ದು ಏನು ನೋಡಿ. ಸ್ವರ ಬರೆದದ್ದೇ, ಬದಲಾಗಿಲ್ಲ. ಕೇಳುವುದು ಮಾತ್ರ ಇನ್ನೂ ಹೆಚ್ಚಾಯಿತು.

ಇನ್ನು ಮನೋಧರ್ಮ. ರಾಗವನ್ನು ಆ ಹೊತ್ತಿಗೆ ಹೊಸದಾಗಿ ಕಟ್ಟುವ ಸುಖ ಆರ್ಕೆಸ್ಟ್ರಾದಲ್ಲಿಲ್ಲ; ಇದೆ ಅಂತ ಸುಳ್ಳು ಹೇಳಲಾರೆ. ಅದು ನಷ್ಟವೇ. ದ್ವೊರ್ಜಾಕ್ ಕೂಡ ರಚನೆಗೆ ಬಿಡುವು ಬೇಕೆಂದು ಆ ಕುರ್ಚಿ ಬಿಟ್ಟು ಎದ್ದ. ಆದರೆ ಆಯ್ಕೆಯೇ ಇಲ್ಲ ಅನ್ನುವುದನ್ನು ಒಪ್ಪುವುದಿಲ್ಲ. ಬರೆದ ಒಂದು ದೀರ್ಘಸ್ವರದಲ್ಲಿ ಎಷ್ಟು ಕಂಪನ, ಕಮಾನು ಸೇತುವೆಯ ಹತ್ತಿರವೋ ದೂರವೋ, ಗಾಂಧಾರ ಎಷ್ಟು ಇಳಿಯಬೇಕು, ಕೆಳಗಿನ ಸ್ವರ ಬದಲಾದ ಕ್ಷಣ ಅದೇ ಗಾಂಧಾರ ಎಷ್ಟು ಏರಬೇಕು, ಇದನ್ನೆಲ್ಲ ಯಾರೂ ಬರೆದುಕೊಟ್ಟಿಲ್ಲ, ಯಾವ ಕೋಲೂ ತೋರಿಸುವುದಿಲ್ಲ. ಬರೆದುಕೊಟ್ಟರೂ ಪ್ರಯೋಜನವಿಲ್ಲ, ಆ ಸಂಜೆ, ಆ ಸಭೆಯಲ್ಲಿ, ಪಕ್ಕದವರು ಹಿಡಿದ ಸ್ವರವನ್ನು ಕೇಳಿಯೇ ತೀರ್ಮಾನಿಸಬೇಕು. ಗಮಕ ಗೊತ್ತಿರುವ ನಿಮಗೆ ಇದನ್ನು ನಾನು ಹೇಳಬೇಕೇ?

ಮೇಷ್ಟ್ರು: ಅದು ಸರಿ. ಆದರೂ ಒಂದು ಸಂಶಯ. ಒಂದೇ ರಾಗದ ಗೆರೆಯನ್ನು ಹಿಡಿದು ಹೋಗುವ ಕಿವಿ ನಮ್ಮದು. ಏಕಕಾಲಕ್ಕೆ ಹತ್ತು ದನಿ ಬಂದರೆ ನಮಗೆ ಗದ್ದಲ. ಆ ಗಾಂಧಾರದ ಕಥೆ ನಮ್ಮ ಕಿವಿಗೆ ಹತ್ತುವಂಥದ್ದಲ್ಲ.

ಶಿಷ್ಯೆ: ಮೈಸೂರಿನ ಜಯಚಾಮರಾಜ ಒಡೆಯರ್ ಅವರ ಕಿವಿಗೆ ಎರಡೂ ಹತ್ತಿದ್ದವಲ್ಲ ಮೇಷ್ಟ್ರೇ. ಶ್ರೀವಿದ್ಯಾ ಮುದ್ರೆಯ ಕೃತಿಗಳನ್ನು ಕಟ್ಟಿದವರೇ ಲಂಡನ್ನಿನ ಫಿಲ್‌ಹಾರ್ಮೊನಿಯಾ ಆರ್ಕೆಸ್ಟ್ರಾಕ್ಕೆ ಆಸರೆಯಾದರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಕೇಳಿಸಿದ್ದು ಅವರು ಕೊಟ್ಟ ಹಣದ ಭರವಸೆಯ ಮೇಲೆ. ಆದರೆ ಅರಮನೆಯವರೆಗೂ ಹೋಗುವುದು ಬೇಡ. ನಿಮ್ಮ ತಂಬೂರವೇ ಇಲ್ಲಿದೆಯಲ್ಲ. ಅದರಲ್ಲಿ ಯಾವ ತಂತಿಗಳಿವೆ?

ಮೇಷ್ಟ್ರು: ಪಂಚಮ ಒಂದು, ಸಾರಣೆ ಎರಡು, ಮಂದ್ರ ಷಡ್ಜ ಒಂದು. ಬೇರೆ ಏನಿರುತ್ತದೆ?

ಶಿಷ್ಯೆ: ಗಾಂಧಾರದ ತಂತಿ ಇಲ್ಲ. ಆದರೂ ಜೀವಾಳದ ಎಳೆ ಸರಿಯಾಗಿ ಕೂತು, ಶ್ರುತಿ ಹದಕ್ಕೆ ಬಂದಾಗ, ಮಂದ್ರದ ತಂತಿಯಿಂದ ಅಂತರ ಗಾಂಧಾರ ತಾನಾಗಿ ಎದ್ದು ಬರುತ್ತದೆ ಅಂತ, ಸ್ವಯಂಭು ಗಾಂಧಾರ ಅಂತ ಹೇಳಿಕೊಟ್ಟವರು ನೀವೇ. ಷಡ್ಜದ ಐದರಷ್ಟು ಕಂಪನದ ಸ್ವರ ಅದು. ವಯೊಲಾದವರು ಪಿಯಾನೋದ ಗಾಂಧಾರವನ್ನು ಬಿಟ್ಟು ಕೂದಲೆಳೆಯಷ್ಟು ಇಳಿದು ಹುಡುಕುವುದು ಸರಿಯಾಗಿ ಆ ಗಾಂಧಾರವನ್ನೇ.

ಮೇಷ್ಟ್ರು: ಅದೇ ಗಾಂಧಾರವೇ?

ಶಿಷ್ಯೆ: ಅದೇ. ಸ್ಥಾಯಿ ಬೇರೆ ಇರಬಹುದು, ಅಷ್ಟೇ.

ಮೇಷ್ಟ್ರು: ತಂಬೂರ ಇತ್ತ ಕೊಡು. ಪಂಚಮ ಸ್ವಲ್ಪ ಇಳಿದ ಹಾಗಿದೆ, ಮೊದಲು ಅದನ್ನು ಸರಿಮಾಡೋಣ. ನೀನು ವಯೊಲಾ ತೆಗಿ. ನಾನು ಮೀಟುತ್ತಿರುತ್ತೇನೆ, ಗಾಂಧಾರ ಎದ್ದಾಗ ನೀನು ಬಂದು ಸೇರಿಕೋ. ಮೆಲ್ಲಗೆ.